ನಿಂತು ಮಾಡುವ ನೌಕರಿ

ಬೆಳಿಗ್ಗೆ ಆರಕ್ಕೆ ಕಾಶವ್ವ ಬಿಸಿನೀರಿನ ಬೋಗುಣಿಯನ್ನು ಸೊಸೆಯ ಮುಂದೆ ತಂದಿಟ್ಟು, "ಸುಡತೈತೇನ ನೋಡಿ ಕೈ ಹಾಕ," ಎಂದಳು.

ಪ್ರಮಿಳಾ ಎರಡೂ ಕೈಗಳನ್ನು ಮಣಿಕಟ್ಟಿನತನಕ ನೀರಿನಲ್ಲಿ ಮುಳುಗಿಸಿದಳು. ಖಾನಾಪುರದ ಆ ಮನೆಯಲ್ಲಿ ನಾಲ್ಕು ವರ್ಷಗಳಿಂದ ದಿನ ಶುರುವಾಗುತ್ತಿದ್ದುದು ಹೀಗೆಯೇ. ಎದ್ದಾಗ ಬೆರಳುಗಳು ಬಿಗಿದುಕೊಂಡಿರುತ್ತಿದ್ದವು. ಲೋಟ ಹಿಡಿಯಲಾಗದು, ಜಡೆ ಹೆಣೆಯಲಾಗದು. ನೀರಿನ ಬಿಸಿ ಒಳಗಿಳಿದಂತೆ ಒಂದೊಂದೇ ಬೆರಳು ಮಾತು ಕೇಳತೊಡಗುತ್ತಿತ್ತು. ಅಷ್ಟರಲ್ಲಿ ಕಾಶವ್ವ ರೊಟ್ಟಿ ಬಡಿದು ಮುಗಿಸುತ್ತಿದ್ದಳು. ಗಂಡ ಗುರುಸಿದ್ದ ತಾನು ಓಡಿಸುವ ಶಾಲಾ ವ್ಯಾನನ್ನು ತೊಳೆದು ಒಳಗೆ ಬರುತ್ತಿದ್ದ. ಮಗಳು ಸಾಕ್ಷಿ ತಾಯಿಗೆ ಜಡೆ ಹಾಕಿ ತನ್ನ ಕಾಲೇಜಿನ ಚೀಲ ಹುಡುಕುತ್ತಿದ್ದಳು. ಯಾರೂ ಇದನ್ನು ದೊಡ್ಡ ಉಪಕಾರವೆಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಸಂಧಿವಾತವಿದ್ದರೆ ಉಳಿದವರ ಬೆಳಗು ಅದಕ್ಕೆ ತಕ್ಕಂತೆ ಒಗ್ಗಿಕೊಂಡುಬಿಡುತ್ತದೆ.

ಇದು ವಯಸ್ಸಾದವರ ಮೊಣಕಾಲು ನೋವಲ್ಲ ಎಂದು ಬೆಳಗಾವಿಯ ರಾಮತೀರ್ಥ ನಗರದ ಕೀಲು ತಜ್ಞೆ ಡಾಕ್ಟರ್ ಬಾಯಾರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಪೂರ್ತಿ ಹೋಗುವುದಿಲ್ಲ, ಆದರೆ ವಾರಕ್ಕೊಮ್ಮೆ ಭಾನುವಾರ ನುಂಗುವ ಗುಳಿಗೆ ತಪ್ಪಿಸದೆ, ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು, ಮೈ ದಣಿದಾಗ ಕುಳಿತು ಸುಧಾರಿಸಿಕೊಂಡರೆ ನೆಟ್ಟಗೆ ಬದುಕಬಹುದು. ಪ್ರಮಿಳಾ ಹಾಗೆಯೇ ಬದುಕಿದ್ದಳು. ಓಣಿಯಲ್ಲೇ ಹೆಸರಾದ ಅವಳ ರವಿಕೆ ಹೊಲಿಗೆ ಮಾತ್ರ ನಿಂತುಹೋಗಿತ್ತು. ಸೂಜಿಗೆ ದಾರ ಪೋಣಿಸುವುದು ಬೆರಳುಗಳಿಗೆ ಒಗ್ಗಲಿಲ್ಲ.

ಮೂರು ವರ್ಷ ಮನೆಯಲ್ಲಿ ಕುಳಿತವಳಿಗೆ ಬೆಳಗಾವಿಯಲ್ಲಿ ಹೊಸದಾಗಿ ತೆರೆದ ಮೂರಂತಸ್ತಿನ ಸೀರೆ ಮಳಿಗೆಯಲ್ಲಿ ಕೆಲಸ ಸಿಕ್ಕಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂದರ್ಶನದಲ್ಲಿ ಅವಳ ಕೈಗೆ ಒಂದು ಇಳಕಲ್ ಸೀರೆ ಕೊಟ್ಟು, ಮಾರಿ ತೋರಿಸಿ ಎಂದಿದ್ದರು. ಪ್ರಮಿಳಾ ಸೆರಗು ಬಿಡಿಸಿ, ಎದುರಿಗಿದ್ದವರೊಬ್ಬರೊಂದಿಗೆ ಕನ್ನಡದಲ್ಲಿ, ಇನ್ನೊಬ್ಬರೊಂದಿಗೆ ಮರಾಠಿಯಲ್ಲಿ ಮಾತಾಡುತ್ತ ಅಂಚಿನ ನೇಯ್ಗೆ ತೋರಿಸಿದಳು. ಅಲ್ಲಿಯೇ ಆಯ್ಕೆಯಾದಳು. ಅರ್ಜಿಯಲ್ಲಿ 'ದೀರ್ಘಕಾಲದ ಕಾಯಿಲೆ ಇದೆಯೇ' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದಳು.

ಹಾಗೆ ಬರೆಯಲು ಹೇಳಿದವಳು ಕಾಶವ್ವ. ಸೊಸೆಯ ಕಾಯಿಲೆ ಮನೆಯ ಹೊಸ್ತಿಲು ದಾಟಬಾರದು ಎಂಬುದು ಅವಳ ಕಟ್ಟಪ್ಪಣೆ. ಬಾಜು ಮನೆಯ ಚಂದ್ರವ್ವನಿಗೂ ಗೊತ್ತಿರಲಿಲ್ಲ. "ನಲವತ್ತಕ್ಕ ಕೀಲು ಹಿಡದಾವು ಅಂದ್ರ ಮಂದಿ ಸುಮ್ನ ಇರತಾರೇನ? ನಾಳೆ ಸಾಕ್ಷಿನ್ನ ನೋಡಾಕ ಬಂದಾವ್ರು, ತಾಯಿಗಿ ಇದ್ದ ಬ್ಯಾನಿ ಮಗಳಿಗೂ ಬರತೈತಿ ಅಂದು ಎದ್ದ ಹೊಕ್ಕಾರ," ಎನ್ನುತ್ತಿದ್ದಳು. ಸೊಸೆಗೆ ನಿತ್ಯ ನೀರು ಕಾಯಿಸಿಕೊಡುವ ಮುದುಕಿಯ ಮಾತನ್ನು ಪ್ರಮಿಳಾ ಮೀರಲಿಲ್ಲ.

ಕೆಲಸ ಅವಳಿಗೆ ಮೊದಲ ದಿನದಿಂದಲೇ ಹಿಡಿಸಿತು. ಯಾವ ಹೆಣ್ಣುಮಗಳಿಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳುವಾಗ, ಎರಡು ಸೀರೆಗಳ ನಡುವೆ ತೂಗಾಡುವ ಗಿರಾಕಿಯ ಮುಖದಲ್ಲಿ ತೀರ್ಮಾನ ಮೂಡುವುದನ್ನು ನೋಡುವಾಗ ಅವಳಿಗೆ ತನ್ನ ಹೊಲಿಗೆಯ ದಿನಗಳೇ ಮರಳಿ ಬಂದಂತಿರುತ್ತಿತ್ತು. ಆದರೆ ಆ ಮಳಿಗೆಯಲ್ಲಿ ಒಂದು ನಿಯಮವಿತ್ತು. ಹತ್ತಕ್ಕೆ ಬಾಗಿಲು ತೆರೆದ ಮೇಲೆ ರಾತ್ರಿ ಎಂಟಕ್ಕೆ ಮುಚ್ಚುವವರೆಗೆ ಕೆಲಸದವರು ಕುಳಿತುಕೊಳ್ಳುವಂತಿಲ್ಲ. ಊಟಕ್ಕೆ ಅರ್ಧ ತಾಸು, ಅಷ್ಟೇ. ಅಂತಸ್ತಿನ ತುಂಬ ಮೆತ್ತನೆಯ ಸ್ಟೂಲುಗಳಿದ್ದವು, ಎಲ್ಲ ಗಿರಾಕಿಗಳಿಗೆ. ಮಟಮಟ ಮಧ್ಯಾಹ್ನ ಒಬ್ಬ ಗಿರಾಕಿಯೂ ಇಲ್ಲದಾಗ ಆ ಸ್ಟೂಲುಗಳು ಖಾಲಿ ಇರುತ್ತಿದ್ದವು, ಹನ್ನೊಂದು ಜನ ಹೆಣ್ಣುಮಕ್ಕಳು ಅವುಗಳ ಹಿಂದೆ ನಿಂತಿರುತ್ತಿದ್ದರು.

"ಅಕ್ಕಾ, ಒಂದ ಕಾಲಿನ ಮ್ಯಾಲ ಭಾರ ಹಾಕಿ ನಿಂದರ್ರಿ, ಆಮ್ಯಾಲ ಇನ್ನೊಂದರ ಮ್ಯಾಲ," ಎಂದು ಬಾಜುವಿನ ವಿಭಾಗದ ಸಿಮ್ರನ ಉಪಾಯ ಹೇಳಿಕೊಟ್ಟಿದ್ದಳು. ಅವಳಿಗಿನ್ನೂ ಇಪ್ಪತ್ತೆರಡು. "ಭಾಳ ಆತಂದ್ರ ಬಾತ್‌ರೂಮಿಗಿ ಹೋಗಿ ಐದ ಮಿನಿಟ ಕುಂತ ಬರ್ರಿ. ನಾವೆಲ್ಲಾ ಹಂಗ ಮಾಡತೇವಿ. ಆದ್ರ ದಿನಕ್ಕ ಎರಡ ಸಲಾಕಿಂತ ಜಾಸ್ತಿ ಹೋದ್ರ ಅಮರ ಸರ್ ಕೇಳತಾರ."

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಖಾನಾಪುರದ ಬಸ್ಸಿನಲ್ಲಿ ಬೆಳಿಗ್ಗೆ ಜಾಗ ಸಿಗುವುದೂ ಕಷ್ಟ. ಹೋಗುವಾಗಲೂ ನಿಂತು, ಬರುವಾಗಲೂ ನಿಂತು ಆರು ವಾರ ಕಳೆಯುವಷ್ಟರಲ್ಲಿ ಪ್ರಮಿಳಾಳ ಕಣಕಾಲು ಬಾತುಕೊಂಡವು. ರಜೆ ಕೇಳಲು ಅಂಜಿ ರಕ್ತ ಪರೀಕ್ಷೆ ತಪ್ಪಿಸಿದಳು. ಬೋಗುಣಿಯ ನೀರು ಆರಿದರೂ ಬೆರಳು ಬಿಡಲೊಲ್ಲವಾದವು. ಒಂದು ದಿನ ರೇಷ್ಮೆ ಸೀರೆಯೊಂದನ್ನು ಮಡಚುವಾಗ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಗಿರಾಕಿಯೇ ಬಗ್ಗಿ ಎತ್ತಿಕೊಟ್ಟಳು.

ವಾರದ ರಜೆಯ ದಿನ ರಾಮತೀರ್ಥ ನಗರಕ್ಕೆ ಹೋದಾಗ ಡಾಕ್ಟರ್ ಬಾಯಾರು ಕಣಕಾಲನ್ನು ಒತ್ತಿ ನೋಡಿದರು.

"ಎಷ್ಟ ತಾಸು ನಿಂದರತೀರಿ?"

"ಹತ್ತ ತಾಸ್ರಿ."

"ಔಷಧ ನಾ ಏರಿಸಬಹುದು ಪ್ರಮಿಳಾ. ಆದ್ರ ನೀವು ದಿನಾ ಇಷ್ಟು ನಿಂತ್ರ, ನಾ ಏರಿಸೂದು, ನೀವು ಇಳಸೂದು ಇದ ಆಕ್ಕೈತಿ. ಒಮ್ಮೆ ಕೀಲು ಸವದ್ರ ಮತ್ತ ಬೆಳ್ಯಾಂಗಿಲ್ಲ. ನಿಮಗ ಕೆಲಸಾ ಮಾಡಬ್ಯಾಡ ಅನ್ನಾಂಗಿಲ್ಲ ನಾ. ಕೆಲಸ ಚಲೋನ. ತಾಸಿಗೆ ಹತ್ತ ಮಿನಿಟ ಕುಂದರಾಕ ಕೇಳ್ರಿ, ನಾ ಚೀಟಿ ಬರದ ಕೊಡತೇನಿ."

ಮರುದಿನ ಆ ಚೀಟಿಯನ್ನು ಅಮರನ ಮುಂದಿಟ್ಟಾಗ ಅವನು ಎರಡು ಸಲ ಓದಿದ. ಮೂವತ್ತೈದರ ಆಸುಪಾಸಿನ ಅಮರ ಕೆಟ್ಟವನಲ್ಲ. ಆ ಅಂತಸ್ತಿಗೆ ಅವನೇ ಮ್ಯಾನೇಜರು, ಅವನೂ ದಿನವಿಡೀ ನಿಂತೇ ಇರುತ್ತಿದ್ದ.

"ಮೇಡಂ, ಸೇರೂ ಮುಂದ ಯಾಕ ಹೇಳಲಿಲ್ಲ? ಫಾರ್ಮಿನ್ಯಾಗ 'ಇಲ್ಲ' ಅಂತ ಬರದೀರಿ."

"ತಪ್ಪ ಆತ್ರಿ ಸರ್ರ. ಹೇಳಿದ್ರ ತೊಗೋತಿದ್ರೇನ?"

ಅಮರ ಚೀಟಿಯನ್ನು ಮಡಚಿದ. "ತೊಗೋತಿದ್ದಿಲ್ಲ," ಎಂದ. "ನಿಮ್ಮಂಗ ಸೀರಿ ತೋರಸಾವ್ರು ನನ್ನ ಹತ್ರ ಯಾರೂ ಇಲ್ಲ, ಖರೇ ಹೇಳತೇನಿ. ಆದ್ರ ನಿಮಗೊಬ್ಬರಿಗೆ ಸ್ಟೂಲ್ ಕೊಟ್ರ ನಾಳೆ ಉಳದ ಹತ್ತೂ ಮಂದಿ ಕೇಳತಾರ. ಗಿರಾಕಿ ಒಳಗ ಬಂದಾಗ ನಾವು ಕುಂತಿದ್ರ ಅವರಿಗೆ ಬೆಲೆ ಕೊಡಲಿಲ್ಲ ಅಂತ ಅನಸತೈತಿ ಅಂತಾರ ಸಾವ್ಕಾರ್ರು. ಮ್ಯಾಲಿಂದ ಕ್ಯಾಮೆರಾದಾಗ ನೋಡತಿರತಾರ. ಆದ್ರೂ ಕೇಳಿ ನೋಡತೇನಿ."

ಅವನು ಕೇಳಿದ. ನಿಯಮ ಎಲ್ಲರಿಗೂ ಒಂದೇ ಎಂಬ ಉತ್ತರ ಬಂತು.

ಮನೆಯಲ್ಲಿ ಮಾತು ಬಂದಾಗ ಗುರುಸಿದ್ದ, "ಬಿಟ್ಟಬಿಡು ಪ್ರಮಿ. ನಡೀತೈತಿ ನಮ್ಮದು," ಎಂದ. ಹಾಗೆ ಸುಲಭವಾಗಿ ಅಂದದ್ದೇ ಪ್ರಮಿಳಾಳಿಗೆ ನೋವಾಯಿತು.

"ನಡಸಾಕಂತ ಹೋಗಿಲ್ರಿ ನಾ. ನನಗ ಆ ಕೆಲಸ ಸೇರತೈತಿ. ಸೀರಿ ಹಿಡದ್ರ ನನಗ ಬ್ಯಾನಿ ನೆನಪ ಆಗೂದಿಲ್ಲ. ನಿಂದರೂದೊಂದ ಆಗವಲ್ದು."

ಕಾಶವ್ವನ ಚಿಂತೆಯೇ ಬೇರೆ. "ಆರ ವಾರಕ್ಕ ನೌಕರಿ ಬಿಟ್ಟ ಬಂದ್ಲು ಅಂದ್ರ ಮಂದಿಗಿ ಏನ ಹೇಳೂಣು? ಇಡೀ ಓಣಿಗಿ ಪೇಡೆ ಹಂಚೇನಿ ನಾ. ಕಳವು ಮಾಡಿ ಸಿಕ್ಕಿ ಬಿದ್ಲು ಅನ್ನಾಕೂ ಹೇಸಾಂಗಿಲ್ಲ. ಮೂರ ತಿಂಗಳರ ಮಾಡ. ಆಮ್ಯಾಲ ದೂರ ಆಕ್ಕೈತಿ ಅಂತ ಏನರ ನೆವ ಹೇಳಿದ್ರಾತು."

ಮೂರು ತಿಂಗಳಾದರೂ ಮಾಡೋಣ ಎಂದು ಪ್ರಮಿಳಾ ಒಪ್ಪಿದಳು. ಬಿಡಲು ಅವಳಿಗೂ ಮನಸ್ಸಿರಲಿಲ್ಲ.

ಮುಂದಿನ ಗುರುವಾರ ಕಾಶವ್ವನೇ ಮಳಿಗೆಗೆ ಬಂದಳು. ಜಾಂಬೋಟಿಯಲ್ಲಿ ಅವಳ ತಮ್ಮನ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಉಡುಗೊರೆಗೆ ಸೀರೆ ಬೇಕು. ಖಾನಾಪುರದಲ್ಲಿಯೇ ಸಿಗುತ್ತಿತ್ತು, ಆದರೆ ಸೊಸೆ ಕೆಲಸ ಮಾಡುವ ಮಳಿಗೆಯನ್ನು ಚಂದ್ರವ್ವನಿಗೆ ತೋರಿಸಬೇಕಿತ್ತು. ಚಂದ್ರವ್ವನನ್ನು ಜೊತೆಗೆ ಕರೆದುಕೊಂಡು, ತೊಳೆದ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಬಂದಿದ್ದಳು. ಲಿಫ್ಟಿನಿಂದ ಇಳಿಯುತ್ತಲೇ, ಕಂಡ ಕಂಡವರಿಗೆಲ್ಲ, "ಅಲ್ಲಿ ನಿಂತಾಳಲ್ಲ, ಆಕಿ ನಮ್ಮ ಸೊಸಿ," ಎಂದು ತೋರಿಸಿದಳು.

ಸಿಮ್ರನ ಓಡಿಬಂದು ಎರಡು ಸ್ಟೂಲು ಹಾಕಿದಳು. ಚಹಾ ಬಂತು. ಪ್ರಮಿಳಾಳಿಗೂ ಅಂದು ಉಮೇದು. ಹಸಿರು, ಅಂಜೂರಿ, ಜೇನು ಬಣ್ಣದ ಸೀರೆಗಳನ್ನು ಒಂದರ ಮೇಲೊಂದು ಬಿಡಿಸಿದಳು. ಚಂದ್ರವ್ವ, "ಅಯ್ಯ, ಎಷ್ಟ ಚಂದ ಮಾತಾಡ್ತಾಳ ಕಾಶವ್ವಾ ನಿನ್ನ ಸೊಸಿ," ಎಂದಾಗ ಕಾಶವ್ವನ ಮುಖ ಅರಳಿತು.

ಆರನೆಯ ಸೀರೆ ತೆಗೆಯುವಾಗ ಪ್ರಮಿಳಾ ಬೆರಳು ಬಳಸದೆ ಮೊಣಕೈಯಿಂದ ಸೀರೆಯ ರಾಶಿಯನ್ನು ಆಚೆ ತಳ್ಳಿದಳು. ಬೇರೆಯವರಿಗೆ ಅದು ಕಾಣಿಸಲಿಲ್ಲ, ಕಾಶವ್ವನಿಗೆ ಕಾಣಿಸಿತು. ಅವಳ ದೃಷ್ಟಿ ಕೆಳಗಿಳಿದು ಸೊಸೆಯ ಪಾದಗಳ ಮೇಲೆ ನಿಂತಿತು. ಚಪ್ಪಲಿಯ ಪಟ್ಟಿ ಬಾತ ಚರ್ಮದಲ್ಲಿ ಹೂತುಹೋಗಿತ್ತು.

"ಬಾ, ನೀನೂ ಒಂದೀಟ ಕುಂದರ ಬಾ," ಎಂದಳು ಮೆಲ್ಲಗೆ.

"ಇಲ್ರಿ ಅತ್ಯಾರ. ನಾವು ಇಲ್ಲೆ ಕುಂದರಾಂಗಿಲ್ಲ."

"ಮತ್ತ ಯಾವಾಗ ಕುಂದರತಿ?"

"ಊಟಕ್ಕ."

"ಆಮ್ಯಾಲ?"

"ಬಸ್ಸಿನ್ಯಾಗ. ಜಾಗಾ ಸಿಕ್ರ." ಪ್ರಮಿಳಾ ನಗಲು ನೋಡಿದಳು. "ಈ ಜೇನು ಬಣ್ಣದ್ದು ನೋಡ್ರಿ, ಮದುಮಗಳಿಗಿ ಒಪ್ಪತೈತಿ."

ಕಾಶವ್ವ ಸೀರೆಯ ಕಡೆಗೆ ನೋಡಲಿಲ್ಲ. ಆರು ವಾರಗಳಿಂದ ಸೊಸೆ 'ನಿಂದರಬೇಕಾಗತೈತಿ' ಅಂದಾಗಲೆಲ್ಲ ಅವಳು ಕೇಳಿಸಿಕೊಂಡಿದ್ದಳು. ಅದರ ಅರ್ಥ ಈಗ, ಕೈಯಲ್ಲಿ ಚಹಾದ ಕಪ್ಪು ಹಿಡಿದು ಮೆತ್ತನೆಯ ಸ್ಟೂಲಿನ ಮೇಲೆ ಕುಳಿತಾಗ ಆಗಿತ್ತು. ಅವಳು ಕಪ್ಪನ್ನು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ಎದ್ದಳು.

"ಹಂಗಾರ ನಾನೂ ನಿಂತ ನೋಡತೇನಿ."

ಎಪ್ಪತ್ತರ ಮುದುಕಿ ನಿಂತದ್ದನ್ನು ಕಂಡು ಅಮರ ಧಾವಿಸಿ ಬಂದ. "ಅಜ್ಜಿ, ಕುಂದರ್ರಿ ಕುಂದರ್ರಿ. ಸ್ಟೂಲ್ ಸರಿ ಇಲ್ಲೇನ? ಕುರ್ಚಿ ತರಸಲೇನ್ರಿ?"

"ಸ್ಟೂಲ್ ಚಲೋ ಐತಪಾ. ಕುಂದರಾಕ ನನಗ ಮನಸ್ಸ ಇಲ್ಲ." ಕಾಶವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅದು ಆ ಅಂತಸ್ತಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿತ್ತು. "ನನ್ನ ಸೊಸಿಗಿ ಸಂಧಿವಾತ ಐತಿ. ನಾಕ ವರ್ಷಾತು. ಮುಂಜಾನೆದ್ದು ಬಿಸಿನೀರಾಗ ಕೈ ಇಟ್ರನ ಆಕಿ ಬೆರಳು ಬಿಡತಾವು. ಆಕಿನ ನಿಂತಾಳಂದ್ರ ನಂದೇನು?"

ನಾಲ್ಕು ವರ್ಷ ಮುಚ್ಚಿಟ್ಟ ಮಾತು ಚಂದ್ರವ್ವನ ಎದುರಿನಲ್ಲೇ, ಅದೂ ಅತ್ತೆಯ ಬಾಯಿಂದಲೇ ಹೊರಬಿದ್ದಿತ್ತು. ಚಂದ್ರವ್ವ ಒಮ್ಮೆ ಪ್ರಮಿಳಾಳ ಮುಖ, ಒಮ್ಮೆ ಕಾಶವ್ವನ ಮುಖ ನೋಡಿದಳು. ಆಮೇಲೆ ತಾನೂ ಎದ್ದು ನಿಂತಳು.

"ಹೌದೇನವಾ ಪ್ರಮಿಳಾ? ಒಂದ ಮಾತ ಹೇಳಬಾರದಾಗಿತ್ತೇನ? ಬಾಜುಕ್ಕ ಇದ್ದೇನಿ, ಮುಂಜಾನೆ ಬಂದು ನಾಕ ರೊಟ್ಟಿ ಬಡದ ಹೊಕ್ಕಿದ್ನಿ."

ಇಷ್ಟು ವರ್ಷ ಅಂಜಿದ್ದು ಈ ಮಾತಿಗೋ ಎಂದು ಪ್ರಮಿಳಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಮರ ಎರಡು ಖಾಲಿ ಸ್ಟೂಲುಗಳ ನಡುವೆ ನಿಂತಿದ್ದ. ಮುದುಕಿಯರಿಬ್ಬರೂ ನಿಂತುಕೊಂಡೇ ಅವಸರವಿಲ್ಲದೆ ಸೀರೆ ಆರಿಸಿದರು. ಕೊನೆಗೆ ಜೇನು ಬಣ್ಣದ್ದೇ ಗೆದ್ದಿತು.

ಮರುದಿನ ಬೆಳಿಗ್ಗೆ ಬೋಗುಣಿಯ ಮುಂದೆ ಕುಳಿತ ಪ್ರಮಿಳಾ, "ಅತ್ಯಾರ, ನಾ ನೌಕರಿ ಬಿಡತೇನ್ರಿ," ಎಂದಳು. ರಾತ್ರಿಯೇ ತೀರ್ಮಾನಿಸಿದ್ದಳು.

ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಿಡ. ಮಂದಿಗಿ ನಾ ಹೇಳತೇನಿ."

"ಏನಂತ ಹೇಳತೀರಿ?"

"ಇದ್ದದ್ದನ್ನ." ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ನಿನ್ನ ಕೈ ದಿನಾ ನೋಡತಿದ್ನಿ ನೋಡ, ಕಾಲ ನೋಡಿದ್ದಿಲ್ಲ ನಾ."

ಸಾಕ್ಷಿ ತಾಯಿಯ ಜಡೆಯನ್ನು ಅರ್ಧಕ್ಕೇ ಹಿಡಿದುಕೊಂಡು ಅಜ್ಜಿಯನ್ನು ನೋಡಿದಳು. "ನನ್ನ ನೋಡಾಕ ಬರಾವ್ರಿಗೂ ಹೇಳತೀಯೇನ ಆಯಿ?"

"ಬಂದಕೂಡ್ಲೆ ಹೇಳತೇನಿ. ಎದ್ದ ಹೋಗಾವ್ರು ಆವಾಗ್ಲೆ ಎದ್ದ ಹೋಗ್ಲಿ, ಚಹಾದ ಪುಡಿರ ಉಳೀತೈತಿ," ಎಂದಳು ಕಾಶವ್ವ. ಬಾಗಿಲಲ್ಲಿದ್ದ ಗುರುಸಿದ್ದ ಜೋರಾಗಿ ನಕ್ಕುಬಿಟ್ಟ.

ಮಳಿಗೆಯಲ್ಲಿ ಅಮರ ಬಿಡುಗಡೆಯ ಫಾರ್ಮು ಕೊಟ್ಟ. ಕಾರಣದ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೆ 'ವೈಯಕ್ತಿಕ ಕಾರಣ' ಅಂತ ಬರೀರಿ ಮೇಡಂ. ಎಲ್ಲಾರೂ ಹಂಗ ಬರೀತಾರ," ಎಂದ.

"ವೈಯಕ್ತಿಕ ಹೆಂಗ ಆಕ್ಕೈತ್ರಿ ಸರ್ರ? ಕುಂದರಾಕ ಬಿಡದ್ದು ಈ ಅಂಗಡ್ಯಾಗ, ನಮ್ಮ ಮನ್ಯಾಗ ಅಲ್ಲ."

ಅವಳು ನಿಧಾನವಾಗಿ ಬರೆದಳು. ಬಿಗಿದ ಬೆರಳಿನಿಂದ ಅಕ್ಷರ ಸೊಟ್ಟಗಾದರೂ ಓದಲು ಬರುವಂತಿತ್ತು: 'ನನಗೆ ಸಂಧಿವಾತವಿದೆ. ಸೇರುವಾಗ ಇದನ್ನು ತಿಳಿಸದಿದ್ದುದು ನನ್ನ ತಪ್ಪು. ತಾಸಿಗೆ ಹತ್ತು ನಿಮಿಷ ಕುಳಿತರೆ ನಾನು ಈ ಕೆಲಸ ಮಾಡಬಲ್ಲೆ. ಇಲ್ಲಿ ಕುಳಿತುಕೊಳ್ಳಲು ಅವಕಾಶವಿಲ್ಲದ್ದರಿಂದ ಬಿಡುತ್ತಿದ್ದೇನೆ.'

ಅಮರ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಬೇರೆ ಫಾರ್ಮು ತೆಗೆಯಬಹುದು ಎಂದುಕೊಂಡಳು ಪ್ರಮಿಳಾ. ಅವನು ಪೆನ್ನು ತೆಗೆದ. ಕೆಳಗೆ ತನ್ನ ಸಹಿ ಹಾಕುವ ಮೊದಲು, 'ಇದು ನಿಜ. ಉಳಿದವರಿಗೂ ಇದೇ ತೊಂದರೆ ಇದೆ' ಎಂದು ಒಂದು ಸಾಲು ಸೇರಿಸಿದ.

"ಸಾವ್ಕಾರ್ರು ಏನ ಅಂತಾರೋ ಗೊತ್ತಿಲ್ರಿ," ಎಂದ. "ಓದಲಿ, ಆತು."

ಸಿಮ್ರನ ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟಳು. ಪ್ರಮಿಳಾ ಹಿಂದಿರುಗಿ ನೋಡಿದಾಗ ರೇಷ್ಮೆಯ ವಿಭಾಗ ದೀಪಗಳ ಬೆಳಕಿನಲ್ಲಿ ಥಳಥಳಿಸುತ್ತಿತ್ತು. ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಕಿಟಕಿಯ ಬಳಿ ಕುಳಿತು ಚಪ್ಪಲಿ ಬಿಚ್ಚಿ, ಮುಂದಿನ ಸೀಟಿನ ಕೆಳಗಿನ ಕಂಬಿಯ ಮೇಲೆ ಪಾದಗಳನ್ನಿಟ್ಟು ಖಾನಾಪುರ ಬರುವವರೆಗೂ ಗಾಢವಾಗಿ ನಿದ್ದೆ ಹೋದಳು.

ಮೂರು ವಾರ ಕಳೆದವು. ತಪ್ಪಿದ್ದ ಪರೀಕ್ಷೆ ಮಾಡಿಸಿದ್ದಾಯಿತು, ಔಷಧಿ ಬದಲಾಯಿತು, ಬಾವು ಇಳಿಯಿತು. ಚಂದ್ರವ್ವ ವಾರಕ್ಕೆರಡು ದಿನ ಬಂದು ಕಾಶವ್ವನ ಜೊತೆ ರೊಟ್ಟಿ ಬಡಿದು, ಒಂದು ತಾಸು ಹರಟೆ ಹೊಡೆದು ಹೋಗುತ್ತಿದ್ದಳು. ಓಣಿಯಲ್ಲಿ ಮಾತಾಡುವವರು ನಾಲ್ಕು ದಿನ ಮಾತಾಡಿದರು. ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು ಮಾತ್ರ ಸಂಜೆ ಬಂದು, ತನ್ನ ಬಾತ ಮಣಿಕಟ್ಟನ್ನು ಸೆರಗಿನಿಂದ ಹೊರತೆಗೆದು, ಆ ಡಾಕ್ಟರ ವಿಳಾಸ ಬರೆಸಿಕೊಂಡು ಹೋದಳು.

ಖಾನಾಪುರದ ಪೇಟೆಯಲ್ಲಿ ನಾಸೀರಸಾಬರದು ತಂದೆಯ ಕಾಲದ ಬಟ್ಟೆ ಅಂಗಡಿ. ಸೀರೆಯ ವ್ಯಾಪಾರವನ್ನೆಲ್ಲ ಅವರ ಹೆಂಡತಿ ಮಮ್ತಾಜ ನೋಡಿಕೊಳ್ಳುತ್ತಿದ್ದರು. ಈಗ ಅವರು ಮೊಮ್ಮಗನನ್ನು ಆಡಿಸಲು ಹುಬ್ಬಳ್ಳಿಯ ಮಗಳ ಮನೆ ಸೇರಿದ್ದರಿಂದ ಸೀರೆ ಬಲ್ಲ ಒಬ್ಬರು ಬೇಕೆಂದು ನಾಸೀರಸಾಬರು ಗುರುಸಿದ್ದನಿಗೆ ಹೇಳಿದ್ದರು. ಪ್ರಮಿಳಾ ಹೋದಳು.

"ಬರ್ರಿ ಬಾಯಾರ, ಚಹಾ ತರಸತೇನಿ," ಎಂದರು ನಾಸೀರಸಾಬರು.

"ಚಹಾ ಆಮ್ಯಾಲ್ರಿ. ಮೊದಲ ಒಂದ ಮಾತ ಹೇಳಿಬಿಡತೇನಿ." ಪ್ರಮಿಳಾ ಉಸಿರೆಳೆದುಕೊಂಡಳು. "ನನಗ ಸಂಧಿವಾತ ಐತ್ರಿ. ಮುಂಜಾನೆ ಬೆರಳು ಬಿಡೂದಿಲ್ಲ, ಹತ್ತೂವರಿಕಿಂತ ಮೊದಲ ಬರಾಕ ಆಗೂದಿಲ್ಲ. ನಡುನಡುವ ಕುಂದರಬೇಕು. ಎರಡ ತಿಂಗಳಿಗೊಮ್ಮೆ ದವಾಖಾನಿಗಿ ಹೋಗಾಕ ಸೂಟಿ ಬೇಕು. ಒಂದೊಂದ ದಿನಾ ಬ್ಯಾನಿ ಏರತೈತಿ, ಆವತ್ತ ಬರಾಂಗಿಲ್ಲ. ಉಳದ ದಿನಾ ಸೀರಿ ವ್ಯಾಪಾರ ನನಗ ಬಿಡ್ರಿ."

ನಾಸೀರಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಅಷ್ಟನ?"

"ಅಷ್ಟನ."

"ನಂದೂ ಕೇಳ್ರಿ ಹಂಗಾರ. ನನಗ ಇಪ್ಪತ್ತ ವರ್ಷಾತು ಸಕ್ಕರಿ ಬ್ಯಾನಿ. ಹನ್ನೆರಡಕ್ಕ ಊಟ ಆಗಲಿಲ್ಲಂದ್ರ ಕೈ ನಡಗತಾವು, ಗಿರಾಕಿ ಮ್ಯಾಲ ಸಿಡಕತೇನಿ. ಆ ಹೊತ್ತಿನ್ಯಾಗ ಅಂಗಡಿ ನೀವು ಸಂಭಾಳಿಸ್ರಿ. ನಿಮ್ಮ ಬ್ಯಾನಿ ಎದ್ದ ದಿನಾ ನಾ ಸಂಭಾಳಿಸತೇನಿ."

"ಎರಡೂ ಒಂದ ದಿನಾ ಎದ್ರ?"

ನಾಸೀರಸಾಬರು ಇದನ್ನು ಗಂಭೀರವಾಗಿಯೇ ಯೋಚಿಸಿದರು. "ಅರ್ಧಾ ಬಾಗಿಲಾ ಹಾಕೂಣು," ಎಂದರು.

ಪ್ರಮಿಳಾ ನಗುತ್ತಿರುವಾಗಲೇ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ತಾಯಿ ಮಗಳಿಬ್ಬರು ಮರಾಠಿಯಲ್ಲಿ ಮಾತಾಡಿಕೊಳ್ಳುತ್ತ ಒಳಗೆ ಬಂದು, ಸೀಮಂತಕ್ಕೆ ಹಸಿರು ಸೀರೆ ಇದೆಯೇ ಎಂದು ಕೇಳಿದರು. ನಾಸೀರಸಾಬರು ಪ್ರಮಿಳಾಳ ಕಡೆ ನೋಡಿದರು. ಅವಳು ಕಪಾಟಿನಿಂದ ನಾಲ್ಕು ಹಸಿರು ಸೀರೆ ಆರಿಸಿ ತಂದು ನೆಲಕ್ಕೆ ಹಾಸಿದ ಗಾದಿಯ ಮೇಲಿಟ್ಟಳು. "ಯಾ, ಬಸಾ," ಎಂದು ಮರಾಠಿಯಲ್ಲೇ ಕರೆದು ಅವರನ್ನು ಕೂರಿಸಿ, ತಾನೂ ಎದುರಿಗೆ ಕಾಲು ಚಾಚಿ ಕುಳಿತು, ಮೊದಲನೆಯ ಸೀರೆಯ ಸೆರಗು ಬಿಡಿಸಿದಳು.